ಗೈರು, ಎಂಟು ದಿನ

ಶಶಿಪ್ರಭೆ ಏಳಕ್ಕೆ ಸ್ಕೂಟರು ಹತ್ತಿ ಬಂದರಿನ ಕಚೇರಿಗೆ ಹೊರಟರೆ
ಬೋಳಾರದ ಈ ಮನೆ ನನ್ನ ಕೈಗೆ:
ಮಗಳಿಗೆ ಎರಡು ಜಡೆ (ಒಂದು ಯಾವಾಗಲೂ ಸೊಟ್ಟ),
ಕುಚ್ಚಲಕ್ಕಿಗೆ ಎಂಟು ಕೂಗು,
ಆಟಿ ತಿಂಗಳಲ್ಲಿ ಒಣಗಲೊಲ್ಲದ ಸಮವಸ್ತ್ರಕ್ಕೆ ಇಸ್ತ್ರಿಯ ಬಿಸಿ.
ಮೀನಿನ ಸಂಪಕ್ಕ ಬುಟ್ಟಿ ಇಳಿಸುತ್ತ ಕೇಳುತ್ತಾಳೆ ದಿನವೂ,
"ಇವತ್ತೂ ರಜೆಯಾ?"
ದಿನವೂ ಹೇಳುತ್ತೇನೆ, "ಹೌದು. ಬಂಗುಡೆ ಹೇಗೆ?"

ಹನ್ನೊಂದರಿಂದ ಮೂರೂವರೆ ನನ್ನದೇ ಹೊತ್ತು.
ಚಟ ಎರಡು. ಒಂದು ಹಿತ್ತಿಲು,
ಇನ್ನೊಂದು ಇನ್ನೂರು ಪುಟದ ಉದ್ದ ಪುಸ್ತಕ,
ಅದರೊಳಗೆ ಸತ್ತವರು.

ಹಿತ್ತಿಲೆಂದರೆ ಬಾವಿಕಟ್ಟೆಗೂ ಕಾಂಪೌಂಡಿಗೂ ನಡುವೆ
ಹನ್ನೆರಡು ಅಡಿ ಮುರಕಲ್ಲಿನ ಮಣ್ಣು.
ಹರಿವೆ ಏಳುತ್ತದೆ, ಬದನೆ ಮುನಿಸಿಕೊಳ್ಳುತ್ತದೆ,
ತೊಂಡೆಗೆ ಹೇಳಿದ್ದು ಕೇಳುವ ಅಭ್ಯಾಸವಿಲ್ಲ.
ಬಸಳೆ ಮಾತ್ರ ಚಪ್ಪರ ತುಂಬಿ ಪಕ್ಕದವರ ಗೋಡೆಗೂ ಕೈ ಹಾಕಿದೆ.
ಅದರ ದಂಟು ಕೊಟ್ಟವರು ಗ್ರೇಸಿ ಬಾಯಿ,
ಅವರಿಗೆ ಉಳ್ಳಾಲದ ಜೈನಾಬಿ,
ಜೈನಾಬಿಗೆ ಯಾರೋ ದೋಣಿ ದಾಟಿ ಬಂದವರು.
ನಾಲ್ಕನೆಯ ಹೆಸರು ಯಾರಿಗೂ ಗೊತ್ತಿಲ್ಲ.
ಬಸಳೆಗೆ ಅದರ ಚಿಂತೆಯೂ ಇಲ್ಲ.
ನನಗಿದೆ.

ಪುಸ್ತಕದಲ್ಲಿ ಹೆಂಗಸರದೇ ಸಾಲು.
ನಮ್ಮಲ್ಲಿ ಬಳಿ ಬರುವುದು ತಾಯಿಯಿಂದ:
ನನ್ನ ತಾಯಿ ವಾರಿಜ, ಅವಳ ತಾಯಿ ಪೂವಕ್ಕ,
ಪೂವಕ್ಕನ ತಾಯಿ ದುಗ್ಗು, ಅದರಾಚೆ ಅಂತಕ್ಕೆ, ಮತ್ತೂ ಒಬ್ಬಳು ದುಗ್ಗು.
ದೊಡ್ಡಮ್ಮಂದಿರು ಎಲೆಯಡಿಕೆ ಮೆಲ್ಲುತ್ತ
ಒಂದೂ ತಪ್ಪದೆ ಹೇಳಿಕೊಟ್ಟರು.
"ಇವರ ಗಂಡಂದಿರು?" ಎಂದರೆ
ಬಾಯಲ್ಲಿದ್ದ ಕೆಂಪು ಉಗಿದು ಬರಲು ಎದ್ದು ಹೋದರು.
ಗಂಡಸರು ಬಂದಿದ್ದರು. ಹೋಗಿದ್ದರು.
ಪ್ರತಿ ಹೆಸರಿನ ಪಕ್ಕ ಬೆರಳಗಲ ಜಾಗ ಬಿಟ್ಟು
ಖಾಲಿ ಗೆರೆ ಎಳೆದಿಟ್ಟೆ.

ಎರಡು ವರ್ಷ ಹುಡುಕಿದೆ. ತಾಲೂಕು ಕಚೇರಿಯಲ್ಲಿ
ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು.
ಕೊನೆಗೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ
ಗುಮಾಸ್ತರೊಬ್ಬರ ಮೊಮ್ಮಗ ಅಟ್ಟದಿಂದ ತೆಗೆದುಕೊಟ್ಟ ಕೂಲಿ ಪುಸ್ತಕ,
ನೇರಳೆ ಮಸಿ, ಜಿರಲೆಯ ಮೊಟ್ಟೆ.
ಆ ತಿಂಗಳು ಬಾಬುಗಳೇ ಐವರಿದ್ದರು;
ಗುರುತಿಗೆಂದು ಗುಮಾಸ್ತರು ಹೆಂಡಿರ ಹೆಸರು ಸೇರಿಸಿದ್ದರು:
ಬಾಬು, ದುಗ್ಗುವಿನ ಗಂಡ.
ಭಟ್ಟಿ ಕೆಲಸ. ದಿನಕ್ಕೆ ಆರಾಣೆ.
ಗೈರು, ಎಂಟು ದಿನ.
ಕಾರಣ: ಮಗುವಿಗೆ ಸಿಡುಬು.
ಕಡಿತ: ಮೂರು ರೂಪಾಯಿ.

ಅಲ್ಲೇ ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.
ಪೂವಕ್ಕಜ್ಜಿಯ ಕೆನ್ನೆಯ ಗುಳಿಗಳನ್ನು
ಬೆರಳಿಟ್ಟು ಎಣಿಸಿದವನು ನಾನು,
ಎಡಗಡೆ ಹದಿನಾಲ್ಕು, ಬಲಗಡೆ ಲೆಕ್ಕ ತಪ್ಪುತ್ತಿತ್ತು.
ಕೊನೆಯ ವಾರ ವೆನ್ಲಾಕಿನ ಮಂಚದಲ್ಲಿ
"ಅಮ್ಮೆರೇ, ಅಮ್ಮೆರೇ" ಎಂದು ಕನವರಿಸುತ್ತಿದ್ದರು.
ಘಟ್ಟದ ಮೇಲಿನಿಂದ ಬಂದ ನರ್ಸು ಹಣೆ ಸವರಿ,
"ಪಾಪ, ಅಮ್ಮನನ್ನು ಕರೀತಿದ್ದಾರೆ" ಅಂದಳು.
ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ,
ಅಮ್ಮೆ ಎಂದರೆ ತಂದೆ.
ನನಗೆ ಹತ್ತು ವರ್ಷ. ತಿದ್ದಲಿಲ್ಲ.

ಮಗಳ ಶಾಲೆಯ ಫಾರಮು ಮೇಜಿನ ಮೇಲೆ ಹಾಗೇ ಇದೆ.
'ತಂದೆಯ ಉದ್ಯೋಗ' ಎಂಬುದರೆದುರು
ಕಳೆದ ವರ್ಷ 'ಸ್ವಂತ' ಎಂದು ಗೀಚಿದ್ದೆ,
ಅದರ ಹಿಂದಿನ ವರ್ಷ ಬೇರೊಂದು ಸುಳ್ಳು.
ಇವತ್ತು ಅದನ್ನು ಬದಿಗೆ ಸರಿಸಿ ಉದ್ದ ಪುಸ್ತಕ ಬಿಡಿಸಿ
ದುಗ್ಗುವಿನ ಪಕ್ಕದ ಗೆರೆಯ ಮೇಲೆ ಬರೆದೆ:
ಬಾಬು. ಭಟ್ಟಿ ಕೆಲಸ.
ಎಂಟು ದಿನ ಮನೆಯಲ್ಲಿದ್ದರು.

ಮಸಿ ಆರುವ ಮೊದಲೇ ಬೀದಿಯ ತುದಿಯಲ್ಲಿ ವ್ಯಾನಿನ ಹಾರ್ನು.
ಬಸಳೆ ಕಟ್ಟಲು ನೆನೆಹಾಕಿದ ಬಾಳೆನಾರು ಕೈಯಲ್ಲೇ ಇದೆ.
ಇಳಿಯುತ್ತಾಳೆ ಮಗಳು, ರಿಬ್ಬನ್ನು ಕಳೆದುಕೊಂಡು,
ಸೊಟ್ಟ ಜಡೆಯೇ ಬಿಚ್ಚಿದೆ.
"ನಿಲ್ಲು" ಎಂದು ಗೇಟಿನಲ್ಲೇ
ನಾರಿನಿಂದ ಕಟ್ಟುತ್ತೇನೆ.